ಮತಗಟ್ಟೆಯ ಆ ಅಧಿಕಾರಿಗೆ ಧನ್ಯವಾದ

2024ರ ಏಪ್ರಿಲ್ 26ರಂದು, ಲೋಕಸಭಾ ಚುನಾವಣೆಯ ದಿನ, ಮೈಸೂರಿನ ಮತಗಟ್ಟೆಯೊಂದರಲ್ಲಿ ಕರ್ತವ್ಯದಲ್ಲಿದ್ದ ಮಹಿಳಾ ಅಧಿಕಾರಿಯೊಬ್ಬರಿಗೆ ಈ ಧನ್ಯವಾದ ಸಲ್ಲಬೇಕು. ನನಗೆ ದೃಷ್ಟಿಯಿಲ್ಲ. ಬಾಗಿಲಲ್ಲಿದ್ದ ಸಿಬ್ಬಂದಿಯೊಬ್ಬರು ನನ್ನನ್ನು ಬಿಟ್ಟು ನನ್ನ ತಮ್ಮನನ್ನು "ಇವರ ವೋಟು ನೀವೇ ಹಾಕ್ತೀರಾ?" ಎಂದು ಕೇಳಿದ್ದರಿಂದ, ಈ ಸಲವೂ ನನ್ನ ಮತ ಬೇರೆಯವರ ಬೆರಳಿನಿಂದಲೇ ಬೀಳುವುದೇನೋ ಎಂದು ಮನಸ್ಸು ಕುಗ್ಗಿತ್ತು. ಸಹಾಯಕರನ್ನು ಕರೆದೊಯ್ಯಲು ನಿಯಮದಲ್ಲಿ ಅವಕಾಶವಿದೆ, ನಿಜ. ಆದರೆ ಅದನ್ನು ಮತದಾರನೇ ಕೇಳಬೇಕಲ್ಲವೇ?

ಆ ಮೇಡಂ ಮಾತ್ರ ನೇರವಾಗಿ ನನ್ನನ್ನೇ "ತಾವೇ ಹಾಕುತ್ತೀರಾ, ಸರ್?" ಎಂದು ವಿಚಾರಿಸಿ, ಅಭ್ಯರ್ಥಿಗಳ ಹೆಸರಿದ್ದ ಬ್ರೈಲ್ ಹಾಳೆಯನ್ನು ತರಿಸಿ ಕೈಗಿತ್ತರು, ಹಿಂದೆ ಸಾಲು ಬೆಳೆಯುತ್ತಿದ್ದರೂ ನಾನು ಓದಿ ಮುಗಿಸುವವರೆಗೆ ಅವಸರಪಡಿಸಲಿಲ್ಲ. ನನ್ನ ತೋಳು ಹಿಡಿದು ಎಳೆಯದೆ, ತಮ್ಮ ಮೊಣಕೈಯನ್ನು ನನ್ನ ಕೈಗೆ ತಾಗಿಸಿ ಯಂತ್ರದವರೆಗೆ ಕರೆದೊಯ್ದರು. ಗುಂಡಿಗಳ ಪಕ್ಕದ ಬ್ರೈಲ್ ಅಂಕಿಗಳು ಎಲ್ಲಿಂದ ಆರಂಭವಾಗುತ್ತವೆ ಎಂದಷ್ಟೇ ತಿಳಿಸಿ ದೂರ ಸರಿದರು. ಅಂಕಿಯನ್ನು ಬೆರಳಿನಿಂದಲೇ ಗುರುತಿಸಿ, ಗುಂಡಿ ಒತ್ತಿ, ಉದ್ದನೆಯ ಬೀಪ್ ಸದ್ದು ಕೇಳಿದಾಗ ಎದೆಯ ಭಾರವೆಲ್ಲ ಇಳಿಯಿತು.

ಮತಗಟ್ಟೆಯೂ ಮತದಾನದ ಸಾಮಗ್ರಿಯೂ ಅಂಗವಿಕಲರಿಗೆ ಎಟಕುವಂತಿರಬೇಕೆಂದು 2016ರ ಹಕ್ಕುಗಳ ಕಾಯ್ದೆ ಹೇಳುತ್ತದೆ. ಅದನ್ನು ನನ್ನ ಪಾಲಿಗೆ ನಿಜವಾಗಿಸಿದವರು ತಾವು, ಮೇಡಂ. ಹೊರಡುವ ಗಡಿಬಿಡಿಯಲ್ಲಿ ತಮ್ಮ ಹೆಸರು ಕೇಳಲಾಗಲಿಲ್ಲ. ನನ್ನ ಕೃತಜ್ಞತೆಯನ್ನು ಹೀಗೆಯೇ ಸ್ವೀಕರಿಸಬೇಕೆಂದು ಕೋರುತ್ತೇನೆ.