ಕ್ಯೂ ಬಂದರೆ ಗಾಬರಿ ಬೇಡ

ಪ್ರೀತಿಯ ಪುಟ್ಟಿಗೆ ಮಾವನ ಆಶೀರ್ವಾದಗಳು.

ಅಕ್ಷರದ ಬಿಲ್ಲೆ ಜೋಡಿಸಿ ಇಂಗ್ಲಿಷ್ ಪದ ಕಟ್ಟುವ ಆಟವಿದೆಯಲ್ಲ, ಆ ಸ್ಕ್ರ್ಯಾಬಲ್‌ನ ಕಾಲೇಜು ಪಂದ್ಯದಲ್ಲಿ ಕ್ಯೂ ಬಿಲ್ಲೆ ಕೊನೆತನಕ ಕೈಯಲ್ಲೇ ಉಳಿದು ಸೋತೆ ಅಂತ ಅಕ್ಕ ಫೋನಿನಲ್ಲಿ ಹೇಳಿದಳು. ಈಗ ಹಟಕ್ಕೆ ಬಿದ್ದು ಉದ್ದುದ್ದ ಪದಗಳನ್ನು ಬಾಯಿಪಾಠ ಮಾಡುತ್ತಿದ್ದೀಯಂತೆ. ಅದನ್ನು ಸ್ವಲ್ಪ ದಿನ ಬದಿಗಿಡು. ಮೊದಲು ಎರಡಕ್ಷರದ ಪದಗಳನ್ನು ಕಲಿ. ನೂರಕ್ಕೂ ಜಾಸ್ತಿ ಇವೆ.

ಕ್ಯೂ ಬಂದರೆ ಯು ಬರಲಿ ಅಂತ ಕಾಯುತ್ತಾ ಕೂರಬೇಡ. ಕ್ಯೂ ಪಕ್ಕ ಐ ಇಟ್ಟರೂ ಪದವೇ. ಓದುವುದು ‘ಚೀ’ ಅಂತ. ನಾವು ಪ್ರಾಣಶಕ್ತಿ ಅನ್ನುತ್ತೇವಲ್ಲ, ಚೀನೀಯರ ಲೆಕ್ಕದಲ್ಲಿ ಹೆಚ್ಚುಕಡಿಮೆ ಅದೇ. ಕ್ಯೂಗೆ 10 ಪಾಯಿಂಟು, ಐಗೆ 1. ಅಕ್ಷರದ ಪಾಯಿಂಟು ಮೂರು ಪಟ್ಟಾಗುವ ಟ್ರಿಪಲ್ ಲೆಟರ್ ಮನೆಯಲ್ಲಿ ಕ್ಯೂ ಇಟ್ಟು, ಅಡ್ಡಕ್ಕೂ ಉದ್ದಕ್ಕೂ ಐ ಸೇರುವ ಹಾಗೆ ಮಾಡಿದರೆ 31 ಮತ್ತು 31, ಒಟ್ಟು 62! ನಿನ್ನ ಉದ್ದದ ಪದಗಳಿಗೆ ಎಷ್ಟೋ ಸಲ ಇದರ ಅರ್ಧವೂ ಸಿಗುವುದಿಲ್ಲ.

ಝಡ್‌ಗೆ ಎ ಸೇರಿಸಿದರೆ ಅಮೆರಿಕದ ಹುಡುಗರ ಆಡುಮಾತಿನ ಪಿಜ್ಜಾ. ಎಕ್ಸ್-ಯು ವಿಯೆಟ್ನಾಮಿನ ಹಳೇ ಕಾಲದ ಚಿಲ್ಲರೆ ನಾಣ್ಯ. ಜೆ-ಓ ಅಂದರೆ ಸ್ಕಾಟ್‌ಲೆಂಡಿನವರ ಬಾಯಲ್ಲಿ ಪ್ರೀತಿಪಾತ್ರರು. ಕೈತುಂಬ ಎ ಬಂದು ಕೂತಿದೆಯಾ? ಎ-ಎ ಇಡು. ಅದು ಹವಾಯಿಯವರ ಮಾತು, ಒರಟೊರಟಾಗಿ ಗಟ್ಟಿಯಾದ ಲಾವಾ. ಸ್ವರವೇ ಇಲ್ಲದಿದ್ದರೆ ಸಿ-ಡಬ್ಲ್ಯೂ-ಎಂ. ವೇಲ್ಸ್ ಭಾಷೆಯಿಂದ ಬಂದದ್ದು, ಉಚ್ಚಾರ ‘ಕೂಮ್’, ಬೆಟ್ಟಗಳ ನಡುವಿನ ಬಟ್ಟಲಿನಂಥ ಕಣಿವೆ. ನೇಪಾಳದ ಕಡೆಯಿಂದ ಎವರೆಸ್ಟ್ ಹತ್ತುವವರು ಸಾಮಾನ್ಯವಾಗಿ ವೆಸ್ಟರ್ನ್ ಕೂಮ್ ಅನ್ನುವ ಕಣಿವೆ ದಾಟಿಯೇ ಹೋಗುತ್ತಾರೆ.

ನಮ್ಮ ಅಡುಗೆಮನೆಯನ್ನೂ ಮರೆಯಬೇಡ. ದೋಸೆ, ಇಡ್ಲಿ, ರಾಗಿ ಮೂರೂ ಕಾಲಿನ್ಸ್ ನಿಘಂಟಿನವರ ಸ್ಕ್ರ್ಯಾಬಲ್ ಪದಪಟ್ಟಿಯಲ್ಲಿವೆ. ದೋಸೆಗೆ ಮಾತ್ರ ಕೊನೆಗೆ ಎ, ನಮ್ಮ ಹಾಗೆ ಇ ಹಾಕಿ ಕೂತೀಯಾ! ತಾಲೂಕು ಕೂಡ ಇದೆ, ಕೊನೆಯ ಉಕಾರ ಬಿಟ್ಟು. ಇಂಥವನ್ನು ಬೇರೆ ಊರಿನವರು ಕಷ್ಟಪಟ್ಟು ಕಲಿಯಬೇಕು, ನಿನಗೆ ಪುಕ್ಕಟೆ.

ಅರ್ಥ ಯಾಕೆ ಬೇಕು, ಸ್ಪೆಲ್ಲಿಂಗ್ ಸಾಕಲ್ವಾ ಅಂತ ಕೇಳುತ್ತೀಯ. ಆಟಕ್ಕೆ ಬೇಡ, ನಿಜ. ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್ 2015ರಲ್ಲಿ ಫ್ರೆಂಚ್ ಸ್ಕ್ರ್ಯಾಬಲ್ ವಿಶ್ವ ಚಾಂಪಿಯನ್ ಆದಾಗ ಅವರಿಗೆ ಫ್ರೆಂಚ್ ಮಾತಾಡಲು ಬರುತ್ತಿರಲಿಲ್ಲ. ಪದಪಟ್ಟಿಯನ್ನೇ ತಲೆಗೆ ತುಂಬಿಕೊಂಡು ಹೋಗಿದ್ದರು. ಅಂಥ ತಲೆ ನಿನಗೂ ಇಲ್ಲ, ನನಗೂ ಇಲ್ಲ ಬಿಡು. ಲಾವಾ, ಪಿಜ್ಜಾ, ಕಣಿವೆ ಅಂತ ಕಣ್ಣಿಗೆ ಕಟ್ಟಿದರೆ ನಮಗೆ ಪದ ನಿಲ್ಲುತ್ತದೆ. ಬರೀ ಅಕ್ಷರ ಉರು ಹೊಡೆದರೆ ಪಂದ್ಯದ ದಿನ ಕೈಕೊಡುತ್ತದೆ.

ಇನ್ನೊಂದು ಮಾತು. ಎಸ್ ಬಿಲ್ಲೆಯನ್ನು ಐದಾರು ಪಾಯಿಂಟಿಗೆ ಸುಮ್ನೆ ಖರ್ಚು ಮಾಡಬೇಡ. ಈ ಆಟ ಕಟ್ಟಿದ ಆಲ್ಫ್ರೆಡ್ ಬಟ್ಸ್ ಪತ್ರಿಕೆಯ ಪುಟಗಳಲ್ಲಿ ಅಕ್ಷರ ಎಣಿಸಿಯೇ ಬಿಲ್ಲೆ ಹಂಚಿದವರು. ಎಸ್ ವಿಷಯದಲ್ಲಿ ಮಾತ್ರ ಬೇಕೆಂದೇ ಕೈ ಬಿಗಿಹಿಡಿದರು. ನೂರು ಬಿಲ್ಲೆಯಲ್ಲಿ ಇರುವುದು ನಾಲ್ಕೇ. ಅದನ್ನು ಬಹುವಚನಕ್ಕೆ ಇಟ್ಟುಕೋ. ಎದುರಾಳಿಯ ಪದದ ಬಾಲಕ್ಕೆ ಎಸ್ ಅಂಟಿಸಿ, ಅದರಿಂದಲೇ ನಿನ್ನ ಪದ ಶುರುಮಾಡು. ಎರಡರ ಪಾಯಿಂಟೂ ನಿನಗೇ.

ಆಟಕ್ಕೆ ಕೂರುವ ಮೊದಲೇ ಯಾವ ನಿಘಂಟು ಅಂತ ಕೇಳಿಕೋ. ಅಮೆರಿಕದ ಪಟ್ಟಿಯೇ ಬೇರೆ, ಕಾಲಿನ್ಸ್ ಬೇರೆ. ಆಮೇಲೆ ಜಗಳ ಬೇಡ.

ದಸರಾ ರಜೆಗೆ ಬರುವಾಗ ನಿನ್ನ ಬೋರ್ಡು ತಾ. ನಮ್ಮನೆಯದರಲ್ಲಿ ಎರಡು ಬಿಲ್ಲೆ ಕಳೆದುಹೋಗಿವೆ.

ಇಂತಿ ನಿನ್ನ
ಮಾವ