ಉಪ್ಪುನೀರಿನ ಕೊಳೆತ ಮೊಟ್ಟೆ ವಾಸನೆ: ಸಲ್ಫೇಟ್ ಅಳೆದರೆ ಸಾಲದು

ಸಂಪಾದಕರೇ,

ತೈಲಬಾವಿಗಳ ಉಪ್ಪುನೀರಿನಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಅನಿಲದ ಕುರಿತು ನಿಮ್ಮ ವಿಜ್ಞಾನ ಪುಟದಲ್ಲಿ ಬಂದ ಲೇಖನ ಚೆನ್ನಾಗಿತ್ತು. ಆದರೆ ನೀರಿನಲ್ಲಿ ಸಲ್ಫೇಟ್ ಇಲ್ಲದಿದ್ದರೆ ಭಯವಿಲ್ಲ ಎಂಬ ಮಾತು ಮಾತ್ರ ತಪ್ಪು. ಕೋತಿ ಮೊಸರನ್ನ ತಿಂದು ಮೇಕೆಯ ಬಾಯಿಗೆ ಒರೆಸಿದಂತೆ, ಯಾರು ಅನಿಲ ಬಿಟ್ಟರೂ ದೂರು ಹೋಗುವುದು ಸಲ್ಫೇಟ್ ಅಪಕರ್ಷಕ, ಅಂದರೆ ಸಲ್ಫೇಟನ್ನು ಸಲ್ಫೈಡ್ ಮಾಡುವ, ಬ್ಯಾಕ್ಟೀರಿಯಾಗಳ ಮೇಲೆ. ಬಹಳ ಉಪ್ಪಾದ ನೀರಿನಲ್ಲಿ ಆ ಕೋತಿ ಹಲವು ಸಲ ಹ್ಯಾಲನೇರೋಬಿಯಂ ಎಂಬ ಕುಲದ್ದು.

ಈ ಕುಲ ಬೆಳಕಿಗೆ ಬಂದದ್ದು 1983ರಲ್ಲಿ, ಅಮೆರಿಕದ ಗ್ರೇಟ್ ಸಾಲ್ಟ್ ಲೇಕ್ ಸರೋವರದ ಕೆಸರಿನಿಂದ. ಕಡ್ಡಿಯಾಕಾರದ ಈ ಗ್ರಾಂ ನೆಗೆಟಿವ್ ಜೀವಿಗಳು ಆಮ್ಲಜನಕವಿದ್ದಲ್ಲಿ ಬೆಳೆಯುವುದಿಲ್ಲ. ಮೊದಲು ಸಿಕ್ಕ ಪ್ರಭೇದಕ್ಕೆ ಸುಮಾರು ಶೇ 13ರಷ್ಟು ಉಪ್ಪು ಹಿತ. 1997ರಲ್ಲಿ ವರದಿಯಾದ, ಕಾಂಗೋದ ತೈಲಕ್ಷೇತ್ರದಿಂದ ಬಂದ ಕಾಂಗೊಲೆನ್ಸ್ ಪ್ರಭೇದ ಶೇ 10ರ ಆಸುಪಾಸಿನಲ್ಲಿ ಚೆನ್ನಾಗಿ ಬೆಳೆಯುತ್ತದೆ. ಅದು ಗಂಧಕದ ಇನ್ನೊಂದು ಸಂಯುಕ್ತವಾದ ಥಯೋಸಲ್ಫೇಟನ್ನೂ ಧಾತುರೂಪದ ಗಂಧಕವನ್ನೂ ಸಲ್ಫೈಡ್ ಮಾಡುತ್ತದೆ, ಸಲ್ಫೇಟನ್ನು ಮುಟ್ಟುವುದಿಲ್ಲ. ಸಲ್ಫೇಟನ್ನು ಒಡೆಯಬೇಕಾದರೆ ಜೀವಕೋಶ ಮೊದಲು ತನ್ನ ಶಕ್ತಿಯ ನಾಣ್ಯವಾದ ಎಟಿಪಿ ಖರ್ಚು ಮಾಡಿ ಅದನ್ನು ಸಕ್ರಿಯಗೊಳಿಸಬೇಕು. ಗಂಧಕಕ್ಕೂ ಥಯೋಸಲ್ಫೇಟಿಗೂ ಆ ಮುಂಗಡ ಬೇಕಿಲ್ಲ. ಉಪ್ಪಿನ ಒತ್ತಡ ತಡೆದುಕೊಳ್ಳುವುದಕ್ಕೇ ಶಕ್ತಿ ಸುರಿಯಬೇಕಾದ ಜಾಗದಲ್ಲಿ ಇದು ಸಣ್ಣ ಲಾಭವಲ್ಲ.

ಹ್ಯಾಲನೇರೋಬಿಯಂನ ಮುಖ್ಯ ಕಸುಬು ಸಕ್ಕರೆಯ ಹುದುಗುವಿಕೆ. ಅಸಿಟೇಟ್, ಹೈಡ್ರೋಜನ್, ಇಂಗಾಲದ ಡೈಆಕ್ಸೈಡ್ ಹೊರಬರುತ್ತವೆ. ಮಿಕ್ಕ ಎಲೆಕ್ಟ್ರಾನುಗಳನ್ನು ಸುರಿಯಲು ಗಂಧಕ ಸಿಕ್ಕರೆ ಬೆಳವಣಿಗೆ ಇನ್ನೂ ಜೋರು. ಶಿಲೆಯಲ್ಲಿ ಬಿರುಕು ಬಿಡಿಸಲು ಒತ್ತುವ ದ್ರವವನ್ನು ಮಂದ ಮಾಡಲು ಬಳಸುವ ಗ್ವಾರ್ ಗಮ್, ಅಂದರೆ ಗೋರಿಕಾಯಿ ಬೀಜದ ಅಂಟು, ಸಕ್ಕರೆಗಳದೇ ಸರಪಳಿ. ಊಟ ನಾವೇ ಬಡಿಸಿದಂತಾಯಿತು. ಇನ್ನು ಥಯೋಸಲ್ಫೇಟ್ ಎಲ್ಲಿಂದ? ಸಲ್ಫೈಡ್ ಇರುವ ನೀರಿಗೆ ಗಾಳಿ ತಾಗಿದರೆ ಅದರ ಒಂದು ಪಾಲು ಥಯೋಸಲ್ಫೇಟ್ ಆಗುತ್ತದೆ. ತೆರೆದ ತೊಟ್ಟಿಯಲ್ಲಿ ನಿಲ್ಲಿಸಿದ ನೀರನ್ನು ಮತ್ತೆ ಬಾವಿಗೆ ಒತ್ತಿದಾಗ ಅದೂ ಒಳಗೆ ಹೋಗುತ್ತದೆ. ಬೇರಿಯಂ ಹೆಚ್ಚಿರುವ ನೀರಿನಲ್ಲಿ ಸಲ್ಫೇಟ್ ಬೇರಿಯಂ ಸಲ್ಫೇಟ್ ಆಗಿ ತಳಕ್ಕೆ ಇಳಿಯುವುದರಿಂದ ವರದಿಯಲ್ಲಿ ಅದರ ಅಂಕಿ ಸೊನ್ನೆಯ ಹತ್ತಿರವಿರುತ್ತದೆ. ಅದನ್ನು ನೋಡಿ ನಿಶ್ಚಿಂತರಾಗುವುದೇ ಎಡವಟ್ಟು.

ಮಾರುಕಟ್ಟೆಯ ಪರೀಕ್ಷಾ ಸೀಸೆಗಳೂ ಇಲ್ಲಿ ಕೈಕೊಡುತ್ತವೆ. ಅವುಗಳಲ್ಲಿ ಸಾಮಾನ್ಯವಾಗಿ ಇರುವುದು ಲ್ಯಾಕ್ಟೇಟ್, ಸಲ್ಫೇಟ್, ಒಂದು ಕಬ್ಬಿಣದ ಮೊಳೆ. ಸಲ್ಫೈಡ್ ಹುಟ್ಟಿದರೆ ಕಬ್ಬಿಣದೊಡನೆ ಸೇರಿ ಸೀಸೆ ಕಪ್ಪಾಗುತ್ತದೆ, ಕಪ್ಪಾಗದಿದ್ದರೆ 'ಇಲ್ಲ' ಎಂದು ಬರೆದುಬಿಡುತ್ತಾರೆ. ಸಲ್ಫೇಟ್ ಅಪಕರ್ಷಣದ ಡಿಎಸ್‌ಆರ್ ವಂಶವಾಹಿಯನ್ನು ಹುಡುಕುವ ಪಿಸಿಆರ್ ಎಂಬ ಡಿಎನ್‌ಎ ಪರೀಕ್ಷೆಗೂ ಹ್ಯಾಲನೇರೋಬಿಯಂ ಸಿಗದು, ಏಕೆಂದರೆ ಆ ವಂಶವಾಹಿ ಇದರಲ್ಲಿಲ್ಲ. ಬ್ಯಾಕ್ಟೀರಿಯಾದ ಗುರುತು ಹಿಡಿಯಲು ಬಳಸುವ 16ಎಸ್ ವಂಶವಾಹಿಯ ಅನುಕ್ರಮ ನೋಡಿದರೆ ಸಿಗುತ್ತದೆ.

ಬೆಳೆಸಿಯೇ ನೋಡಬೇಕೆಂದರೆ ಒಂದು ಲೀಟರ್ ಮಾಧ್ಯಮಕ್ಕೆ, ಅಂದರೆ ಬೆಳೆಸುವ ದ್ರವಕ್ಕೆ, ಅಡುಗೆ ಉಪ್ಪಿನದೇ ಶುದ್ಧ ರೂಪವಾದ ಸೋಡಿಯಂ ಕ್ಲೋರೈಡ್ 100 ಗ್ರಾಂ, ಅಮೋನಿಯಂ ಕ್ಲೋರೈಡ್ 1 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1 ಗ್ರಾಂ, ಯೀಸ್ಟ್ ಸಾರ 1 ಗ್ರಾಂ, ಸ್ವಲ್ಪ ಮೆಗ್ನೀಸಿಯಂ ಮತ್ತು ಫಾಸ್ಫೇಟ್, ಬಣ್ಣಸೂಚಕ ರೆಸಜುರಿನ್ 1 ಮಿಲಿಗ್ರಾಂ. ಪಿಎಚ್ 7. ಕುದಿಸಿ, ನೈಟ್ರೋಜನ್ ಹಾಯಿಸುತ್ತಲೇ ತಣಿಸಿ, ರಬ್ಬರ್ ಬಿರಡೆಯ ಸೀಸೆಗಳಿಗೆ 9 ಮಿಲಿಲೀಟರಿನಂತೆ ತುಂಬಿ, 121 ಡಿಗ್ರಿಯಲ್ಲಿ ಆಟೋಕ್ಲೇವ್ ಮಾಡಬೇಕು, ಅಂದರೆ ಒತ್ತಡದ ಹಬೆಯಲ್ಲಿ ಕ್ರಿಮಿಶುದ್ಧಗೊಳಿಸಬೇಕು. ಗ್ಲೂಕೋಸ್ ಲೀಟರಿಗೆ 3.6 ಗ್ರಾಂ, ಐದು ನೀರಣುಗಳಿರುವ ಸೋಡಿಯಂ ಥಯೋಸಲ್ಫೇಟ್ ಲೀಟರಿಗೆ 5 ಗ್ರಾಂ, ಅಂದರೆ ಎರಡೂ ಸುಮಾರು 20 ಮಿಲಿಮೋಲಾರ್ ಆಗುವಂತೆ. ಇವನ್ನು ಬೇರೆಯಾಗಿ ಸೋಸಿ ಕ್ರಿಮಿಶುದ್ಧಗೊಳಿಸಿ, ಆಮೇಲೆ ಸೂಜಿಯಲ್ಲಿ ಸೇರಿಸಬೇಕು. ದ್ರಾವಣ ಗುಲಾಬಿಯಾಗಿದ್ದರೆ ಒಳಗೆ ಇನ್ನೂ ಆಮ್ಲಜನಕವಿದೆ. ಬಣ್ಣ ಹೋಗುವ ತನಕ ಮಾದರಿ ಹಾಕಬಾರದು.

ಬಣ್ಣ ಕಳೆಯಲು ರೂಢಿಯಂತೆ ಲೀಟರಿಗೆ ಅರ್ಧ ಗ್ರಾಂ ಸಿಸ್ಟೀನ್ ಹಾಕುತ್ತಾರೆ. ಹೆಚ್ಚು ಜನ ಮೋಸಹೋಗುವುದು ಇಲ್ಲೇ. ಸಿಸ್ಟೀನ್‌ನಲ್ಲೂ ಗಂಧಕವಿದೆ, ಅದನ್ನು ಒಡೆದು ಸಲ್ಫೈಡ್ ಬಿಡುವ ಬ್ಯಾಕ್ಟೀರಿಯಾಗಳು ಬೇಕಾದಷ್ಟಿವೆ. ಆದ್ದರಿಂದ ಪ್ರತಿ ಸಲವೂ ಹೋಲಿಕೆಗೆಂದು ಇನ್ನೆರಡು ಬಗೆಯ ಸೀಸೆ ಬೇಕು: ಮಾದರಿ ಹಾಕಿ ಥಯೋಸಲ್ಫೇಟ್ ಬಿಟ್ಟದ್ದು, ಥಯೋಸಲ್ಫೇಟ್ ಇದ್ದೂ ಮಾದರಿ ಹಾಕದ್ದು. ಎರಡನ್ನೂ ಹಾಕಿದ ಸೀಸೆಯನ್ನು ಇವೆರಡರೊಡನೆ ಹೋಲಿಸದೆ ಬರೀ ಸಲ್ಫೈಡ್ ಬಂದದ್ದನ್ನು ನೋಡಿ ತೀರ್ಮಾನಿಸಿದರೆ ಉಪಯೋಗವಿಲ್ಲ. ಹುದುಗುವಿಕೆಯಿಂದ ಹುಳಿ ಹೆಚ್ಚಿದರೆ ಥಯೋಸಲ್ಫೇಟ್ ತಾನಾಗಿ ಒಡೆದು ಗಂಧಕ ಬಿಳಿಯಾಗಿ ಕದಡಬಹುದು. ಅದನ್ನು ಬೆಳವಣಿಗೆ ಎಂದು ಎಣಿಸಬಾರದು. ಸೂಕ್ಷ್ಮದರ್ಶಕದಲ್ಲಿ ಒಂದು ಹನಿ ನೋಡಿದರೆ ತಿಳಿಯುತ್ತದೆ.

ಎಷ್ಟು ಜೀವಿಗಳಿವೆ ಎಂದು ಅಂದಾಜಿಸಲು ಮಾದರಿಯನ್ನು ಹತ್ತುಪಟ್ಟು ತೆಳುಗೊಳಿಸುತ್ತ ಹೋಗುವಾಗ ಬಟ್ಟಿ ಇಳಿಸಿದ ನೀರು ಬಳಸಿದರೆ ಕೆಲಸ ಕೆಟ್ಟಿತು. ಹೊರಗಿನ ಉಪ್ಪಿಗೆ ಸರಿದೂಗಲು ಈ ಜೀವಕೋಶಗಳು ಪೊಟ್ಯಾಸಿಯಂ ಮತ್ತು ಕ್ಲೋರೈಡ್ ಒಳಗೆ ತುಂಬಿಕೊಂಡಿರುತ್ತವೆ. ಸಿಹಿನೀರಿಗೆ ಬಿದ್ದರೆ ನೀರು ಒಳನುಗ್ಗಿ ಒಡೆದುಹೋಗುತ್ತವೆ. ತೆಳುಗೊಳಿಸಲೂ ಅದೇ ಉಪ್ಪಿನ ಮಾಧ್ಯಮವೇ ಬೇಕು. 37ರಿಂದ 40 ಡಿಗ್ರಿಯಲ್ಲಿ ಎರಡು ವಾರ ಇಡಿ.

ಥಯೋಸಲ್ಫೇಟ್ ಬದಲು ಗಂಧಕದ ಪುಡಿ ಹಾಕುವವರಿಗೆ ಒಂದು ಮಾತು: ಅದನ್ನು 121 ಡಿಗ್ರಿಗೆ ಏರಿಸಬಾರದು. ಸುಮಾರು 115 ಡಿಗ್ರಿಗೇ ಕರಗಿ, ತಣಿದಾಗ ಗಟ್ಟಿ ಉಂಡೆಯಾಗುತ್ತದೆ. ಬ್ಯಾಕ್ಟೀರಿಯಾಕ್ಕೆ ಬೇಕಾದ ಪುಡಿಯ ಮೈ ಉಳಿಯುವುದಿಲ್ಲ. ಮೂರು ದಿನ ದಿನಕ್ಕೊಮ್ಮೆ ಅರ್ಧ ಗಂಟೆ ಹಬೆಯಲ್ಲಿಡುವುದು ಹಳೆಯ ಕ್ರಮ, ಈಗಲೂ ಅದೇ ಸರಿ.

ಸಲ್ಫೈಡ್ ಅಳೆಯುವ ಮಾದರಿಯನ್ನು ತೆಗೆದ ಕೂಡಲೇ ಜಿಂಕ್ ಅಸಿಟೇಟ್ ದ್ರಾವಣಕ್ಕೆ ಹಾಕಬೇಕು. ಇಲ್ಲವಾದರೆ ಪ್ರಯೋಗಾಲಯ ತಲುಪುವಷ್ಟರಲ್ಲಿ ಒಂದು ಪಾಲು ಹಾರಿಹೋಗಿ ಅಂಕಿ ಸುಳ್ಳಾಗುತ್ತದೆ. ಸೀಸೆಯ ಬಿರಡೆ ತೆಗೆದು ಮೂಸಿ ನೋಡುವ ಅಭ್ಯಾಸ ಮಾತ್ರ ಬೇಡವೇ ಬೇಡ. 100 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 100 ಪಾಲು, ದಾಟುವ ಹೊತ್ತಿಗೆ ಮೂಗು ಈ ಅನಿಲದ ವಾಸನೆಯನ್ನೇ ಮರೆಯತೊಡಗುತ್ತದೆ, ಜೀವಕ್ಕೆ ಅಪಾಯವೆಂದು ಲೆಕ್ಕ ಹಿಡಿಯುವ ಮಟ್ಟವೂ ಅದೇ 100. ಸೀಸೆಯ ಬಾಯಿಗೆ ಒದ್ದೆ ಲೆಡ್ ಅಸಿಟೇಟ್ ಕಾಗದ ಹಿಡಿದರೆ ಸಾಕು, ಅನಿಲವಿದ್ದರೆ ಕಪ್ಪಾಗುತ್ತದೆ.

— ಓದುಗ