ಗಂಗೆಯ ಹಾಲಿನ ಲೆಕ್ಕ

ಪಾಲ್ಮರ್‌ಸ್ಟನ್ ನಾರ್ತ್, ನ್ಯೂಜಿಲೆಂಡ್
ಆಗಸ್ಟ್ 17

ಪ್ರೀತಿಯ ಅಮ್ಮ,

ನಿನ್ನ ಕಾಗದ ಬಂತು. ಬ್ರಹ್ಮಾವರದಲ್ಲಿ ಮಳೆ ಬಿಟ್ಟಿಲ್ಲ, ಹಟ್ಟಿಯ ನೆಲ ಒಣಗುತ್ತಿಲ್ಲ ಎಂದು ಬರೆದಿದ್ದೀಯ. ಇಲ್ಲಿ ಚಳಿ. ಕುರಿಗಳು ಮರಿ ಹಾಕುವ ಕಾಲ. ರಾತ್ರಿ ಎರಡು ಗಂಟೆಗೆ ಟಾರ್ಚ್ ಹಿಡಿದು ಹುಲ್ಲುಗಾವಲಿಗೆ ಹೋಗುತ್ತೇವೆ.

ಅಪ್ಪ ಹೊಸ ಕಡಸು ಕರುವಿಗೆ ಜಾಸ್ತಿ ಹಿಂಡಿ ಹಾಕುತ್ತಿದ್ದಾರೆ, ಬೇಗ ಗಬ್ಬ ಕಟ್ಟಿಸಬೇಕಂತೆ ಅಂದೆಯಲ್ಲ. ಅದನ್ನು ಓದಿ ನನಗೆ ನಮ್ಮ ಹಸು ಗಂಗೆಯ ನೆನಪಾಯಿತು. ಅವಳನ್ನೂ ನಾವು ಹಾಗೇ ಸಾಕಿದ್ದೆವು. ಮೈ ತುಂಬಿ, ಬೆನ್ನು ಮಿಂಚುತ್ತಿತ್ತು. ಕರು ಹಾಕಿದ ಮೇಲೆ ಚೊಂಬು ತುಂಬಲಿಲ್ಲ. ಯಾರದೋ ಕಣ್ಣು ಬಿತ್ತು ಅಂದರು. ನೀನು ಎರಡು ದಿನ ಊಟ ಬಿಟ್ಟು ಕೂತಿದ್ದೆ.

ಇಲ್ಲಿ ನಾನು ನೋಡುವುದು ಕುರಿಯ ಕೆಚ್ಚಲು ಬೆಳೆಯುವ ಬಗೆ. ಹುಟ್ಟಿದ ಹೆಣ್ಣು ಮರಿಯ ಕೆಚ್ಚಲಲ್ಲಿ ಕೊಬ್ಬಿನ ನಡುವೆ ಕೆಲವು ಪುಟ್ಟ ನಾಳಗಳು ಮಾತ್ರ ಇರುತ್ತವೆ. ಕೆಲವು ವಾರಗಳಾದ ಮೇಲೆ ಅವು ಮೈಗಿಂತ ವೇಗವಾಗಿ ಬೆಳೆಯತೊಡಗುತ್ತವೆ. ಅಂಡಾಶಯದಿಂದ ಬರುವ ಈಸ್ಟ್ರೋಜನ್ ಹಾರ್ಮೋನ್ ಆ ಕೊಬ್ಬಿಗೆ ಕೆಲಸ ಹೇಳುತ್ತದೆ. ಕೊಬ್ಬು ಐಜಿಎಫ್-1 ಎಂಬ ಬೆಳವಣಿಗೆಯ ಅಂಶವನ್ನು ಮಾಡುತ್ತದೆ, ಅದು ನಾಳಗಳನ್ನು ಕವಲೊಡೆಸುತ್ತದೆ. ಮೆದುಳಿನ ಕೆಳಗಿನ ಗ್ರಂಥಿಯಿಂದ ಬರುವ ಬೆಳವಣಿಗೆಯ ಹಾರ್ಮೋನ್ ಕೂಡ ಬೇಕು. ಇದೇ ಹೊತ್ತಿನಲ್ಲಿ ಮರಿಗೆ ಮಿತಿಮೀರಿ ತಿನ್ನಿಸಿದರೆ ಆ ಹಾರ್ಮೋನ್ ಕಡಿಮೆಯಾಗುತ್ತದೆ. ಕೆಚ್ಚಲು ಹೊರಗಿನಿಂದ ದಪ್ಪ ಕಾಣುತ್ತದೆ, ಒಳಗೆ ಕೊಬ್ಬೇ ಜಾಸ್ತಿ, ಹಾಲು ಮಾಡುವ ಭಾಗ ಕಡಿಮೆ. ಕಡಸು ಕರುವಿನಲ್ಲೂ ಹೀಗೇ ಎಂದು ಗೊತ್ತಾಗಿದೆ. ಗಂಗೆಗೆ ಆದದ್ದು ಇದೇ ಅಂತ ಆಣೆ ಇಟ್ಟು ಹೇಳಲಾರೆ, ಆದರೆ ನನ್ನ ಮನಸ್ಸು ಅಲ್ಲಿಗೇ ಹೋಗುತ್ತದೆ. ಕಣ್ಣು ಬಿದ್ದದ್ದಲ್ಲಮ್ಮ. ನೀನು ಪ್ರೀತಿಯಿಂದ ಇಟ್ಟ ಅಕ್ಕಚ್ಚೂ ತಪ್ಪಲ್ಲ. ನಮಗೆ ಯಾರೂ ಹೇಳಿರಲಿಲ್ಲ, ಅಷ್ಟೇ.

ಇನ್ನೊಂದು ಸಂಗತಿ ನಿನಗೆ ಹೇಳಲೇಬೇಕು. ಕುರಿ ಸುಮಾರು 147 ದಿನ ಮರಿ ಹೊರುತ್ತದೆ. ಕೆಚ್ಚಲು ತುಂಬಿ ಬೆಳೆಯುವುದು ಹೆಚ್ಚಾಗಿ ಕೊನೆಯ ಒಂದೂವರೆ ತಿಂಗಳಲ್ಲಿ. ಆಗ ನಾಳಗಳ ತುದಿಯಲ್ಲಿ ಹಾಲಿನ ಪುಟ್ಟ ಚೀಲಗಳು ಮೂಡುತ್ತವೆ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ನಮ್ಮ ತೋಟದ ಅಡಿಕೆ ಗೊನೆಯ ಹಾಗೆ. ಇದಕ್ಕೆ ಪ್ರೊಜೆಸ್ಟರಾನ್, ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನುಗಳೆಲ್ಲ ಬೇಕು. ಜೊತೆಗೆ ಮರಿಯ ಮಾಸು ಕೂಡ ಒಂದು ಹಾರ್ಮೋನನ್ನು ತಾಯಿಯ ರಕ್ತಕ್ಕೆ ಬಿಡುತ್ತದೆ. ಹೊಟ್ಟೆಯಲ್ಲಿ ಅವಳಿ ಇದ್ದರೆ ಅದು ಇನ್ನೂ ಜಾಸ್ತಿ, ಕೆಚ್ಚಲೂ ಅಷ್ಟೇ ದೊಡ್ಡದಾಗುತ್ತದೆ. ಹಸುವಿನ ರಕ್ತದಲ್ಲಿ ಈ ಹಾರ್ಮೋನ್ ಬಹಳ ಕಡಿಮೆ, ಕುರಿಯಲ್ಲಿ ಧಾರಾಳ. ನೋಡು, ಹೊಟ್ಟೆಯೊಳಗಿನ ಮರಿ ತನ್ನ ಹಾಲಿನ ವ್ಯವಸ್ಥೆಯನ್ನು ತಾನೇ ಮಾಡಿಕೊಳ್ಳುತ್ತದೆ, ಅಲ್ವಾ? ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಹೆರಿಗೆ ಹತ್ತಿರವಾದಾಗ ಪ್ರೊಜೆಸ್ಟರಾನ್ ಇಳಿಯುತ್ತದೆ. ಅಲ್ಲಿವರೆಗೆ ಅದು ತಡೆದಿದ್ದ ಹಾಲು ಇಳಿಯಲು ಶುರುವಾಗುತ್ತದೆ. ಮೊನ್ನೆ ಒಂದು ಕುರಿ ಅವಳಿ ಹಾಕಿತು. ಎರಡನೆಯದು ಎದ್ದು ನಿಲ್ಲಲಿಲ್ಲ. ತಾಯಿಯ ಗಿಣ್ಣು ಹಾಲು ಹಿಂಡಿ, ಟ್ಯೂಬಿನಲ್ಲಿ ಕುಡಿಸಿ, ಜಾಕೆಟ್ಟಿನೊಳಗೆ ಇಟ್ಟುಕೊಂಡೆ. ಕುರಿಮರಿಗೆ ಹೊಟ್ಟೆಯಲ್ಲಿದ್ದಾಗ ರೋಗ ತಡೆಯುವ ಶಕ್ತಿ ತಾಯಿಯಿಂದ ದಾಟುವುದಿಲ್ಲ, ಗಿಣ್ಣಿನಿಂದಲೇ ಬರಬೇಕು. ಕರುವಿಗೂ ಹಾಗೇ. ಬೆಳಗ್ಗೆ ಆ ಮರಿ ನನ್ನ ಬೆರಳು ಚೀಪಿತು.

ಅಪ್ಪನಿಗೆ ಹೇಳು, ಕಡಸಿಗೆ ಹಸಿ ಹುಲ್ಲು, ಬೈಹುಲ್ಲು ಧಾರಾಳ ಹಾಕಲಿ, ಹಿಂಡಿ ಮಾತ್ರ ಹಿಡಿತದಲ್ಲಿರಲಿ. ಉಪವಾಸ ಕೆಡವಬಾರದು, ಉಬ್ಬಿಸಲೂಬಾರದು. ಪಶು ಆಸ್ಪತ್ರೆಯ ಡಾಕ್ಟರನ್ನೂ ಒಮ್ಮೆ ಕೇಳಲಿ. ಅದು ಮೊದಲ ಸಲ ಕರು ಹಾಕುವಾಗ ಗಿಣ್ಣನ್ನು ಮೊದಲು ಕರುವಿಗೇ ಬಿಡಿ. ನಮ್ಮ ಪಾತ್ರೆಗೆ ಆಮೇಲೆ.

ಅಷ್ಟಮಿಗೆ ಉಂಡೆ ಕಟ್ಟುವಾಗ ನನ್ನದೂ ಎರಡು ಕಟ್ಟಿ ತೆಗೆದಿಡು. ಕಡಸಿನ ಫೋಟೋ ಕಳಿಸು, ಪಕ್ಕದಿಂದ ತೆಗೆದದ್ದು.

ನಿನ್ನ ಮಗ